ಗೆಳೆಯನ ದಿನಚರಿಯೊಳಗೆ ಒಂದು ಯಾತ್ರೆ



ಸ್ವಾತಂತ್ರ್ಯೋತ್ಸವವೋ ಯಾವುದಾದರೊಂದು ಹಬ್ಬವೋ ಭಾನುವಾರಕ್ಕೆ ತಾಗಿ ಬಂದು ಸಾಲುರಜೆ ದೊರೆತಾಗ ನಮ್ಮಲ್ಲಿ ಕೆಲವರು ತೀರ್ಥಕ್ಷೇತ್ರಗಳನ್ನು ನೆನೆಯುತ್ತಾರೆ, ಕೆಲವರು ಗಿರಿಧಾಮಗಳನ್ನು. ಎಂದೋ ಊರು ಬಿಟ್ಟು ದೂರದ ಮಹಾನಗರದಲ್ಲಿ ನೆಲೆಸಿದ ಹಳೆಯ ಒಡನಾಡಿಯನ್ನು ಕಂಡು ಬರೋಣವೆಂದು ಹೊರಡುವವರು ವಿರಳ. ಅಂಥ ಪ್ರಯಾಣವೂ ಒಂದು ಯಾತ್ರೆಯೇ. ಅದಕ್ಕೂ ಒಂದು ವಿಧಿಯುಂಟು, ಒಂದು ಫಲವುಂಟು ಎಂಬುದು ನನ್ನ ನಂಬಿಕೆ.

ಕರಾವಳಿಯ ನಮಗೆ ಮುಂಬಯಿ ಪರಸ್ಥಳವೆನಿಸಿದ್ದೇ ಇಲ್ಲ. ನಮ್ಮ ಹಿರಿಯರು ಮಂಗಳೂರಿನ ಬಂದರಿನಲ್ಲಿ ಹಡಗು ಹತ್ತಿಯೋ, ಘಟ್ಟದ ದಾರಿಯ ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡೋ ಆ ನಗರವನ್ನು ಸೇರುತ್ತಿದ್ದರು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದ ಮೇಲೆ, ಮಧ್ಯಾಹ್ನ ಮಂಗಳೂರು ಬಿಡುವ ಮತ್ಸ್ಯಗಂಧಾ ಗಾಡಿಯು ಶರಾವತಿಯನ್ನೂ ಕಾಳಿಯನ್ನೂ ದಾಟಿ, ಸುರಂಗದ ಮೇಲೆ ಸುರಂಗವನ್ನು ಹೊಕ್ಕು ಹೊರಟು, ಮರುದಿನ ಬೆಳಗಿನ ಹೊತ್ತಿಗೆ ನಮ್ಮನ್ನು ಕುರ್ಲಾದಲ್ಲಿ ಇಳಿಸುತ್ತದೆ. ಅಲ್ಲಿ ನನ್ನ ಇಬ್ಬರು ಗೆಳೆಯರಿದ್ದಾರೆ. ಒಬ್ಬನು ಬ್ಯಾಂಕಿನ ಉದ್ಯೋಗದ ನಿಮಿತ್ತ ಹೋಗಿ ಬೊರಿವಲಿಯಲ್ಲಿ ಮನೆ ಮಾಡಿದವನು. ಇನ್ನೊಬ್ಬನು ಹದಿಹರೆಯದಲ್ಲಿಯೇ ಬಂಧುಗಳ ಹೋಟೆಲಿಗೆಂದು ಹೋಗಿ, ಹಗಲೆಲ್ಲ ದುಡಿದು, ನಮ್ಮ ಕಡೆಯ ಎಷ್ಟೋ ಹುಡುಗರಂತೆ ಇರುಳು ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವನು. ಈಗ ಡೊಂಬಿವಲಿಯಲ್ಲಿ ಸಂಸಾರ, ಮಾಟುಂಗದಲ್ಲಿ ಕೆಲಸ. ಒಂದು ಸಾಲುರಜೆಯಲ್ಲಿ ನಾನು ಇವನ ಮನೆಗೆ ಹೋದೆನು.

ಹಳೆಯ ಗೆಳೆಯರು ಕಲೆತಾಗ ಮೊದಲು ನಡೆಯುವುದು ನೆನಪುಗಳ ವಿನಿಮಯ. ನಿದ್ದೆಗೆಟ್ಟು ನೋಡಿದ ಬಯಲಾಟಗಳು, ಗಣಿತದ ಮೇಷ್ಟ್ರ ಬೆತ್ತ, ಮಳೆಗಾಲದ ಗದ್ದೆಯ ಅಂಚಿನಲ್ಲಿ ಜಾರಿ ಬಿದ್ದ ಪುಸ್ತಕದ ಚೀಲ, ಇವೆಲ್ಲವೂ ಅಂದಿನ ರಾತ್ರಿ ನಮ್ಮ ನಡುವೆ ಸುಳಿದುವು. ಆ ಸವಿಯನ್ನು ನಾನು ಅಲ್ಲಗಳೆಯಲಾರೆ. ಆದರೆ ಸ್ಮೃತಿಯ ಭಂಡಾರಕ್ಕೆ ಮಿತಿಯುಂಟು. ಹೊಸದನ್ನು ತುಂಬದಿದ್ದರೆ ಅದು ಬೇಗನೆ ಬರಿದಾಗುತ್ತದೆ. ನಾನು ಬಲ್ಲ ಗೆಳೆಯನು ಊರಿನ ಶಾಲೆಯ ಹುಡುಗನಷ್ಟೆ. ಎದುರಿಗೆ ಕುಳಿತವನಾದರೋ ನನಗೆ ತಿಳಿಯದ ದಶಕಗಳನ್ನು ಬದುಕಿದ ಗೃಹಸ್ಥ. ಆ ದಶಕಗಳನ್ನು ಅರಿಯದೆ ಊರಿಗೆ ಮರಳಿದರೆ ನಾನು ಕಂಡದ್ದು ಯಾರನ್ನು?

ನನಗೆ ರಜೆಯಿದ್ದರೂ ಹೋಟೆಲಿನವನಿಗೆ ರಜೆಯೆಂಬುದಿಲ್ಲ. ಆದರೂ ಅವನು ಕೆಲಸಕ್ಕೆ ಹೋಗದೆ ನನಗೆ ಗೇಟ್‌ವೇಯನ್ನೂ ಚೌಪಾಟಿಯನ್ನೂ ತೋರಿಸಲು ಸಿದ್ಧನಾಗಿದ್ದನು. ಅದು ಬೇಡ, ನಾನೇ ನಿನ್ನೊಡನೆ ಮಾಟುಂಗಕ್ಕೆ ಬರುತ್ತೇನೆ ಎಂದಾಗ, "ನನ್ನ ಲೋಕಲ್ ಗಾಡಿಯಲ್ಲಿ ನೋಡುವಂಥದ್ದು ಎಂಥದುಂಟು ಮಾರಾಯ?" ಎಂದು ಅಚ್ಚರಿಪಟ್ಟನು.

ನೋಡುವಂಥದು ಬಹಳವಿತ್ತು. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿ ಓಡಿದ ಆ ಮಾರ್ಗದಲ್ಲಿ ನನ್ನ ಗೆಳೆಯನ ಆಯುಷ್ಯದ ದೊಡ್ಡದೊಂದು ಪಾಲು ಸಂದಿದೆ. ಮೂವರಿಗೆಂದು ಮಾಡಿದ ಆಸನದಲ್ಲಿ ನಾಲ್ಕನೆಯವನಿಗೆ ಅಂಗೈಯಗಲದ ಎಡೆ ಮಾಡಿಕೊಡುವುದು ಅಲ್ಲಿ ಅಲಿಖಿತ ಧರ್ಮ. ಯಾರೂ ಬೇಡುವುದಿಲ್ಲ, ಯಾರೂ ಗೊಣಗುವುದಿಲ್ಲ, ಮೂವರೂ ಮೌನವಾಗಿ ಒಂದಿಷ್ಟು ಸರಿಯುತ್ತಾರೆ. ಅರ್ಧ ದಾರಿಯಲ್ಲಿ, ಕುಳಿತವನು ಎದ್ದು ನಿಂತವನಿಗೆ ಸ್ಥಳ ಬಿಡುತ್ತಾನೆ. ನನ್ನ ಗೆಳೆಯನ ಡಬ್ಬಿಯಲ್ಲಿ ನಿತ್ಯ ಪ್ರಯಾಣಿಕರದೇ ಒಂದು ಭಜನಾಮಂಡಳಿಯಿತ್ತು. ಊರಿನ ಭಜನಾಮಂದಿರದಲ್ಲಿ ಹಿಂದಿನ ಸಾಲಿನಲ್ಲಿ ತುಟಿ ಬಿಚ್ಚದೆ ಕೂರುತ್ತಿದ್ದ ಹುಡುಗನು ಇಲ್ಲಿ ತಾಳವನ್ನು ಕೈಗೆತ್ತಿಕೊಂಡು, ಕಣ್ಣು ಮುಚ್ಚಿ, ತುಕಾರಾಮರ ಅಭಂಗವೊಂದನ್ನು ಎತ್ತಿಕೊಟ್ಟನು. ಸುತ್ತಲಿದ್ದ ಗುಮಾಸ್ತರೂ ವ್ಯಾಪಾರಿಗಳೂ ದನಿಗೂಡಿಸಿದರು. ಅವನ ಕಂಠದಲ್ಲಿ ಅಷ್ಟು ನಾದವಿದ್ದುದನ್ನು ನಾನು ಅರಿತದ್ದು ಆ ಬೆಳಗಿನಲ್ಲಿ.

ಮಾಟುಂಗದಲ್ಲಿ ಇಳಿದರೆ ಪೇಟೆಯ ಬುಟ್ಟಿಗಳಲ್ಲಿ ಕೆಸುವಿನ ಎಲೆ, ಮಂಗಳೂರು ಸೌತೆ, ಮಲ್ಲಿಗೆಯ ಮಾಲೆ. ಆ ಬಡಾವಣೆಯಲ್ಲಿಯೇ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ. ನಿಲ್ದಾಣದ ಬಳಿ 1942ರಿಂದ ಬಾಳೆಲೆಯ ಊಟ ಬಡಿಸುತ್ತ ಬಂದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ದಾದರಿನಲ್ಲಿ ಗಾಡಿ ಬದಲಿಸಿ ಬಂದ ಬೊರಿವಲಿಯ ಗೆಳೆಯನೂ ಸೇರಿ ಮೂವರೂ ಒಂದೇ ಪಂಕ್ತಿಯಲ್ಲಿ ಉಂಡೆವು. ಒಂದೇ ನಗರದಲ್ಲಿದ್ದೂ ಅವರಿಬ್ಬರು ಹೀಗೆ ಎದುರುಬದುರಾಗಿ ವರ್ಷಗಳೇ ಕಳೆದಿದ್ದುವು. ಮಹಾನಗರದಲ್ಲಿ ಧನಕ್ಕಿಂತಲೂ ದುರ್ಲಭವಾದದ್ದು ವೇಳೆ. ಅಲ್ಲಿನ ಗೆಳೆಯನು ನಮಗಾಗಿ ಎತ್ತಿಡುವ ಒಂದು ಮಧ್ಯಾಹ್ನವು ಅವನ ನಿದ್ದೆಯಿಂದಲೋ ಸಂಪಾದನೆಯಿಂದಲೋ ಕತ್ತರಿಸಿ ಕೊಟ್ಟ ದಾನವೆಂಬುದನ್ನು ಅತಿಥಿಯು ಮರೆಯಬಾರದು.

ಈ ಸಂದರ್ಭದಲ್ಲಿ ಭಾಗವತದ ಕುಚೇಲೋಪಾಖ್ಯಾನವು ಮನಸ್ಸಿಗೆ ಬರುತ್ತದೆ. ಹರಕು ಬಟ್ಟೆಯಲ್ಲಿ ಅವಲಕ್ಕಿಯನ್ನು ಕಟ್ಟಿಕೊಂಡು ದ್ವಾರಕೆಯೆಂಬ ಮಹಾನಗರಕ್ಕೆ ಬಂದ ಬಡ ಬ್ರಾಹ್ಮಣನ ಪಾದಗಳನ್ನು ಕೃಷ್ಣನು ತೊಳೆದನೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಕೈಹಿಡಿದು ಕುಳಿತ ಮೇಲೆ ಕೃಷ್ಣನ ಮಾತಾಗಿ ಬರುವ ಮೊದಲ ಪ್ರಶ್ನೆಯನ್ನು ಗಮನಿಸಿದವರು ಕಡಿಮೆ. ಗುರುಕುಲದಿಂದ ಮರಳಿದ ಮೇಲೆ ಅನುರೂಪಳಾದ ಮಡದಿ ದೊರೆತಳೇ ಎಂದು ಅವನು ವಿಚಾರಿಸುತ್ತಾನೆ. ಸೌದೆಗೆಂದು ಕಾಡಿಗೆ ಹೋದದ್ದು, ಬಿರುಮಳೆಯಲ್ಲಿ ಸಿಕ್ಕಿದ್ದು, ಸಾಂದೀಪನಿಗಳು ಹುಡುಕುತ್ತ ಬಂದದ್ದು, ಇವನ್ನೆಲ್ಲ ಆತ ನೆನಪಿಸುವುದು ಆ ತರುವಾಯ. ಅಗಲಿದಂದಿನಿಂದ ಗೆಳೆಯನು ಹೇಗೆ ಬಾಳಿದನೆಂಬ ಕಾಳಜಿಯೇ ಅಲ್ಲಿ ಮೊದಲಿನದು. ಸಖ್ಯವು ಹಳತಾದಷ್ಟೂ ಈ ಕ್ರಮವನ್ನು ಪಾಲಿಸುವುದು ಅವಶ್ಯಕ.

ಆದುದರಿಂದ, ಕೇಳುಗರೇ, ಮುಂದಿನ ಸಾಲುರಜೆಯಲ್ಲಿ ಚೀಲಕ್ಕೆ ಒಂದಿಷ್ಟು ಕುಚ್ಚಲಕ್ಕಿಯನ್ನೂ ಹಲಸಿನ ಹಪ್ಪಳವನ್ನೂ ತುಂಬಿಕೊಂಡು ಗೆಳೆಯನ ನಗರಕ್ಕೆ ಹೊರಡಿ. ಊರು ತೋರಿಸೆಂದು ಅವನನ್ನು ಪೀಡಿಸಬೇಡಿ. ಈಗ ನಿನ್ನ ದಿನ ಹೇಗೆ ನಡೆಯುತ್ತದೆ ಎಂದು ಕೇಳಿ, ಒಂದು ದಿನವಾದರೂ ಅವನು ನಡೆಯುವ ದಾರಿಯಲ್ಲಿ ಅವನ ಜೊತೆಗೆ ನಡೆಯಿರಿ.