ಮೊದಲು ಹಗ್ಗ, ಆಮೇಲೆ ತವಕ್ಕುಲ್

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಶಾಂತಿ ಇರಲಿ.

ಸಹೋದರರೇ, ಮೊದಲಾಗಿ ನಮಗೂ ನಿಮಗೂ ತಖ್ವಾದ ಉಪದೇಶ ಮಾಡುತ್ತೇವೆ. ಇಂದಿನ ವಿಷಯ ಕೇಳಿ ಕೆಲವರಿಗೆ ಆಶ್ಚರ್ಯವಾಗಬಹುದು. ಲಾರಿಯ ಮೇಲೆ ಸರಕು ಕಟ್ಟುವ ವಿಷಯ. ಈ ಸಫ್‌ಗಳಲ್ಲಿ ಲಾರಿ, ಪಿಕಪ್ ಓಡಿಸುವವರಿದ್ದಾರೆ. ಲೋಡಿಂಗ್ ಕೆಲಸದವರಿದ್ದಾರೆ. ಕೆಂಪುಕಲ್ಲು, ಕಬ್ಬಿಣ, ಮರದ ವ್ಯಾಪಾರಿಗಳಿದ್ದಾರೆ. ಉಳಿದ ನಾವೆಲ್ಲ ಆ ಲಾರಿಗಳ ಹಿಂದೆ ಬೈಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು. ಹಾಗಾಗಿ ಇದು ಎಲ್ಲರ ವಿಷಯ.

ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆ ಇಡಲೇ ಅಥವಾ ಬಿಟ್ಟು ಭರವಸೆ ಇಡಲೇ ಎಂದು ಒಬ್ಬರು ಪ್ರವಾದಿ(ಸ)ರಲ್ಲಿ ಕೇಳಿದರು. ಮೊದಲು ಕಟ್ಟಿ, ಆಮೇಲೆ ಭರವಸೆ ಇಡುವಂತೆ ಅವರು ತಿಳಿಸಿದರು. ತಿರ್ಮಿದಿಯಲ್ಲಿರುವ ಈ ಹದೀಸ್ ನಮಗೆಲ್ಲ ಗೊತ್ತು. ಆದರೆ ಒಂದು ಮಾತು ಯೋಚಿಸಿ. ಕಟ್ಟದ ಒಂಟೆ ತಪ್ಪಿಸಿಕೊಂಡರೆ ನಷ್ಟ ಅದರ ಯಜಮಾನನಿಗೆ. ಕಟ್ಟದ ಸರಕು ಜಾರಿದರೆ ನಷ್ಟ ಹಿಂದೆ ಬರುವ, ನಮಗೆ ಪರಿಚಯವೇ ಇಲ್ಲದ ಒಬ್ಬನಿಗೆ. ತನ್ನ ಸೊತ್ತಿನ ವಿಷಯದಲ್ಲೇ ಕಟ್ಟಲು ಆಜ್ಞೆ ಇರುವಾಗ, ಪರರ ಪ್ರಾಣದ ವಿಷಯದಲ್ಲಿ ಹೇಗಿರಬೇಕು?

ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದು ಮದ್ರಸದ ಮಕ್ಕಳಿಗೂ ಗೊತ್ತು. ಮುಳ್ಳನ್ನು ಸರಿಸುವುದು ಈಮಾನಾದರೆ, ದಾರಿಯ ಮೇಲೆ ಕಲ್ಲು ಉದುರಿಸುತ್ತ ಹೋಗುವುದು ಏನು? ಉತ್ತರವನ್ನು ನಾವು ಹೇಳಬೇಕಾಗಿಲ್ಲ.

“ಉಸ್ತಾದ್, ಅಷ್ಟು ಭಾರದ ಸರಕು ಎಲ್ಲಿಗೆ ಹೋಗುತ್ತದೆ?” ಎಂದು ಕೆಲವರು ಕೇಳುತ್ತಾರೆ. ಬ್ರೇಕ್ ಹಾಕಿದಾಗ ಲಾರಿ ನಿಲ್ಲುತ್ತದೆ, ಸರಕು ನಿಲ್ಲುವುದಿಲ್ಲ. ಅದು ಮುಂದಕ್ಕೇ ನುಗ್ಗಲು ನೋಡುತ್ತದೆ. ತೂಕ ಹೆಚ್ಚಿದಷ್ಟೂ ಆ ನುಗ್ಗುವ ಬಲವೂ ಹೆಚ್ಚು. ಮುಂದಕ್ಕೆ ತೂಕದ ಶೇ. 80ರಷ್ಟು, ಪಕ್ಕಕ್ಕೆ ಅರ್ಧದಷ್ಟು ಬಲವನ್ನು ತಡೆಯುವಂತೆ ಸರಕು ಭದ್ರವಾಗಿರಬೇಕು ಎಂಬುದು ಯುರೋಪ್, ಅಮೆರಿಕದಲ್ಲಿರುವ ಲೆಕ್ಕ. 10 ಟನ್ ಹೇರಿದರೆ ಮುಂದಕ್ಕೆ 8 ಟನ್, ಪಕ್ಕಕ್ಕೆ 5 ಟನ್. ಶಿರಾಡಿ ಘಾಟಿಯ ಇಳಿಜಾರು ಮತ್ತು ತಿರುವುಗಳಲ್ಲಿ ಒಂದು ಹಳೆಯ ಹಗ್ಗ ಇದನ್ನು ಹಿಡಿದೀತೇ?

ನಮ್ಮ ಜಮಾಅತಿನ ಹಿರಿಯ ಚಾಲಕರೊಬ್ಬರಿಂದ ಕೇಳಿ ತಿಳಿದದ್ದನ್ನು ಹೇಳುತ್ತೇವೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಮುಂದಿನ ಗೋಡೆಗೆ ತಾಗಿಸಿ ಹೇರಬೇಕು, ನಡುವೆ ಸಂದು ಬಿಡಬಾರದು. ಸಂದು ಇದ್ದಲ್ಲಿ ಸರಕಿಗೆ ಓಡಲು ಜಾಗ ಸಿಗುತ್ತದೆ. ಪೈಪು, ಮರದ ದಿಮ್ಮಿಯಂತಹ ಉರುಟು ಸರಕಿಗೆ ಎರಡೂ ಬದಿ ಗೂಟ, ಅಡಿಗೆ ಬೆಣೆ ಬೇಕೇ ಬೇಕು. ಕಬ್ಬಿಣದ ಮೇಲೆ ಕಬ್ಬಿಣ ಜಾರುತ್ತದೆ, ನಡುವೆ ಮರದ ಪಟ್ಟಿ ಅಥವಾ ರಬ್ಬರ್ ಹಾಸಬೇಕು. ಚೂಪು ಅಂಚಿನಲ್ಲಿ ಹಗ್ಗ ಕತ್ತರಿಸಿ ಹೋಗದಂತೆ ಗೋಣಿ ಮಡಚಿ ಇಡಬೇಕು. ಟಾರ್ಪಾಲು ಮಳೆಯನ್ನು ತಡೆಯುತ್ತದೆಯೇ ಹೊರತು ಸರಕನ್ನು ಹಿಡಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಹೊರಟ ಸ್ವಲ್ಪ ದೂರದಲ್ಲೇ ನಿಲ್ಲಿಸಿ ಹಗ್ಗ ಮುಟ್ಟಿ ನೋಡಬೇಕು. ಕುಲುಕಾಟಕ್ಕೆ ಸರಕು ಕೂತುಕೊಳ್ಳುತ್ತದೆ, ಆಗ ಬಿಗಿಯಾಗಿದ್ದ ಹಗ್ಗವೂ ಸಡಿಲಾಗುತ್ತದೆ.

ಈಗ ನಮ್ಮ ತಪ್ಪನ್ನೂ ಹೇಳಬೇಕು. ಮಸೀದಿಯ ಮೇಲಂತಸ್ತಿನ ಕೆಲಸಕ್ಕೆ ಕಬ್ಬಿಣದ ಸರಳು ತರಿಸಿದ್ದೆವು. 12 ಮೀಟರ್ ಉದ್ದದ ಸರಳು. ದೊಡ್ಡ ಲಾರಿಗೆ ಬಾಡಿಗೆ ಜಾಸ್ತಿಯೆಂದು ಸಣ್ಣ ಪಿಕಪ್ ಸಾಕೆಂದೆವು. ಕೆಲಸದವರು ಕಾಯುತ್ತಿದ್ದಾರೆಂದು ಎರಡು ಸಲ ಫೋನ್ ಮಾಡಿ ಅವಸರಪಡಿಸಿದೆವು. ತಿರುವಿನಲ್ಲಿ ಕಟ್ಟು ಪಕ್ಕಕ್ಕೆ ಜಾರಿ, ಬೈಕಿನಲ್ಲಿ ಹಾಲು ಕೊಡಲು ಹೋಗುತ್ತಿದ್ದ ಒಬ್ಬ ಹಿಂದೂ ಸಹೋದರನ ಕೈಗೆ ತಗಲಿತು. 11 ಹೊಲಿಗೆ. ನಾವು ಮೊದಲು ಚಾಲಕನನ್ನು ಬೈದೆವು. ಆಸ್ಪತ್ರೆಗೆ ಹೋದಾಗ ಆ ಸಹೋದರ ಸಿಟ್ಟಿಲ್ಲದೆ ಕೇಳಿದ್ದು ಇಷ್ಟೇ: “ಹಗ್ಗ ಇರಲಿಲ್ಲವಾ ಗುರುಗಳೇ?”

ಹಗ್ಗ ಇತ್ತು. ಕಟ್ಟುವಷ್ಟು ಸಮಯವನ್ನು ನಾವು ಕೊಟ್ಟಿರಲಿಲ್ಲ.

ಚಿಕಿತ್ಸೆಯ ಖರ್ಚನ್ನು ಕಮಿಟಿ ಕೊಟ್ಟಿತು. ಆದರೆ ಇದು ಹುಕೂಕುಲ್ ಇಬಾದ್, ದಾಸರ ಹಕ್ಕು. ಆತನೇ ಕ್ಷಮಿಸದೆ ನಮ್ಮ ತೌಬಾ ಪೂರ್ಣವಾಗದು. ಹಾಗಾಗಿ ಮತ್ತೆ ಹೋಗಿ, ತಪ್ಪು ಚಾಲಕನದ್ದಲ್ಲ, ನಮ್ಮದು ಎಂದು ಹೇಳಿ ಕ್ಷಮೆ ಕೇಳಿದೆವು. ಚಾಲಕನಲ್ಲೂ ಕೇಳಿದೆವು.

2025ರ ಜನವರಿ 22ರ ಮುಂಜಾನೆಯನ್ನು ನೀವು ಮರೆತಿರಲಾರಿರಿ. ಸವಣೂರಿನಿಂದ ಕುಮಟಾದ ಸಂತೆಗೆ ಹಣ್ಣು, ತರಕಾರಿ ಹೇರಿಕೊಂಡು ಹೊರಟ ಲಾರಿ ಯಲ್ಲಾಪುರದ ಬಳಿ ಕಂದಕಕ್ಕೆ ಉರುಳಿ 10 ಮಂದಿ ಪ್ರಾಣ ಕಳೆದುಕೊಂಡರು. ಹಲಾಲ್ ದುಡಿಮೆಗೆ ಹೊರಟ ಬಡ ವ್ಯಾಪಾರಿಗಳು. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ. ಆದರೆ ನಾವು ಪಾಠ ಕಲಿಯಬೇಕು. ಸರಕಿನ ಲಾರಿಯಲ್ಲಿ ಮನುಷ್ಯರನ್ನು ಕೂರಿಸಬೇಡಿ. ಸರಕಿಗಾದರೆ ಹಗ್ಗವಿದೆ, ಅದರ ಮೇಲೆ ಕೂತವನಿಗೆ ಏನಿದೆ?

ಸರಕು ವಾಹನದಿಂದ ಹೊರಚಾಚಿದರೆ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡವಿದೆ. ಪೊಲೀಸರು ನೋಡದ ದಾರಿಯಲ್ಲೂ ಅಲ್ಲಾಹನು ನೋಡುತ್ತಾನೆ.

ವ್ಯಾಪಾರಿ ಸಹೋದರರೇ, ಬಾಡಿಗೆ ಮಾತಾಡುವಾಗ ಕಟ್ಟುವ ಅರ್ಧ ಗಂಟೆಯನ್ನೂ ಸೇರಿಸಿ ಮಾತಾಡಿ. ಚಾಲಕ ಸಹೋದರರೇ, ಸರಿಯಾಗಿ ಕಟ್ಟದ ಲೋಡನ್ನು ಬೇಡವೆನ್ನಲು ಹಿಂಜರಿಯಬೇಡಿ. ರಿಝ್ಕ್ ಕೊಡುವವನು ಮಾಲಿಕನಲ್ಲ, ಅಲ್ಲಾಹನು. ಪ್ರಯಾಣದ ದುಆ ಓದುವ ಮುನ್ನ ಒಮ್ಮೆ ಲಾರಿಯ ಸುತ್ತ ನಡೆದು ಪ್ರತಿಯೊಂದು ಗಂಟನ್ನೂ ಮುಟ್ಟಿ ನೋಡಿ. ಅದೂ ಆ ದುಆದ ಭಾಗವೆಂದೇ ತಿಳಿಯಿರಿ.

ಅಲ್ಲಾಹನು ನಮ್ಮ ಕೈಯಿಂದ ಯಾರಿಗೂ ತೊಂದರೆಯಾಗದಂತೆ ಕಾಪಾಡಲಿ. ದಾರಿಯಲ್ಲಿರುವ ಎಲ್ಲರನ್ನೂ ಕ್ಷೇಮವಾಗಿ ಮನೆ ಸೇರಿಸಲಿ. ಆಮೀನ್.