ಮಗಳ ಬಾಡಿಗೆ ಕೋಣೆಗೂ ಒಂದು ನಿಯಮ ಬೇಕು

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಮಹಿಳಾ ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳಿಗೆ ನೀಡಿದ ಮಾಹಿತಿ ಉಪನ್ಯಾಸದ ಬರಹ ರೂಪ)



ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಮಗಳ ಓದಿಗೆ ಸಾಲ ಬೇಕು ಅಂತ ಕೇಳಿದರೆ ನಾವು ಏನು ಕೇಳ್ತೀವಿ? ಕಾಲೇಜು ಯಾವುದು, ಫೀಸು ಎಷ್ಟು, ಕಂತು ಹೇಗೆ ಕಟ್ಟುತ್ತೀರಿ ಅಂತ ಕೇಳ್ತೀವಿ. ಮಗಳು ಎಲ್ಲಿ ಉಳಿದುಕೊಳ್ಳುತ್ತಾಳೆ, ಆ ಕೋಣೆಯಲ್ಲಿ ಎಷ್ಟು ಜನ ಇದ್ದಾರೆ, ಶೌಚಾಲಯ ಎಷ್ಟಿವೆ, ರಾತ್ರಿ ಬೆಂಕಿ ಬಿದ್ದರೆ ಹೊರಗೆ ಬರೋ ದಾರಿ ಯಾವುದು ಅಂತ ಕೇಳೋದು ಕಡಿಮೆ. ಇವತ್ತು ಆ ವಿಷಯ ಮಾತಾಡೋಣ.

ನಮ್ಮ ನಾಲ್ಕು ತಾಲ್ಲೂಕುಗಳಿಗೂ ದೊಡ್ಡ ಊರು ಅಂದರೆ ದಾವಣಗೆರೆ. ಹತ್ತಿ ಗಿರಣಿಗಳ ಕಾಲದಲ್ಲಿ ಕೂಲಿಗಾಗಿ ಜನ ಅಲ್ಲಿಗೆ ಹೋಗುತ್ತಿದ್ದರು. ಈಗ ಓದಿಗಾಗಿ, ಆಸ್ಪತ್ರೆ ಕೆಲಸಕ್ಕಾಗಿ, ಅಂಗಡಿ ಕೆಲಸಕ್ಕಾಗಿ ಹೋಗುತ್ತಾರೆ. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಲ್ಲಿ, ಬಾಪೂಜಿ ಎಂಜಿನಿಯರಿಂಗ್ ಕಾಲೇಜು 1979ರಲ್ಲಿ, ದಾವಣಗೆರೆ ವಿಶ್ವವಿದ್ಯಾನಿಲಯ 2009ರಲ್ಲಿ ಆದವು. 2011ರ ಜನಗಣತಿ ಹೊತ್ತಿಗೇ ನಗರದ ಜನಸಂಖ್ಯೆ 4 ಲಕ್ಷ 34 ಸಾವಿರ ದಾಟಿತ್ತು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಎಷ್ಟೋ ಹೆಣ್ಣುಮಕ್ಕಳು ದಿನಾ ಬಸ್ಸಿನಲ್ಲೇ ಓಡಾಡುತ್ತಿದ್ದಾರೆ. ಆದರೆ ನರ್ಸಿಂಗ್ ಓದುವವಳಿಗೆ ರಾತ್ರಿ ಪಾಳಿ ಇರುತ್ತದೆ. ಒಳಗಿನ ಹಳ್ಳಿಯವಳಿಗೆ ಸಂಜೆ ಬಸ್ಸು ಇರಲ್ಲ. ಸರ್ಕಾರಿ ಹಾಸ್ಟೆಲಿನಲ್ಲಿ ಎಲ್ಲರಿಗೂ ಸೀಟು ಸಿಗಲ್ಲ. ಹಾಗೆ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿಯೇ ಸರ್ಕಾರ 2013-14ರಲ್ಲಿ ‘ವಿದ್ಯಾಸಿರಿ’ ತಂದಿತು. ಆಗ ಊಟ ಮತ್ತು ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದರು. ಹಣ ಬಂತು, ಸರಿ. ಆ ಹಣದಲ್ಲಿ ಸಿಗುವ ಕೋಣೆ ಹೇಗಿದೆ ಅಂತ ನೋಡುವವರು ಯಾರು?

ಇದು ದಾವಣಗೆರೆಯ ಮಾತು ಮಾತ್ರ ಅಲ್ಲ. ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ವಠಾರಗಳಿವೆ. ಒಂದೇ ನಲ್ಲಿ, ಒಂದೇ ಶೌಚಾಲಯ, ಸಾಲಾಗಿ ಐದಾರು ಮನೆ. ಕೂಲಿಗೆ ಬಂದವರು, ಗಂಡನಿಲ್ಲದ ತಾಯಂದಿರು, ಸಣ್ಣ ನೌಕರಿಯವರು ಅಲ್ಲಿದ್ದಾರೆ. ನಮ್ಮ ಸಂಘದ ಸದಸ್ಯೆಯರಲ್ಲಿ ಅಂಥ ಮನೆಯಲ್ಲಿ ಬಾಡಿಗೆಗೆ ಇರುವವರೂ ಇದ್ದಾರೆ, ಎರಡು ಕೋಣೆ ಬಾಡಿಗೆಗೆ ಕೊಟ್ಟು ಸಂಸಾರ ನಡೆಸುವವರೂ ಇದ್ದಾರೆ. ಇಬ್ಬರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಮಾತಾಡುತ್ತೇನೆ.

ಇದು ಯಾರ ಕೆಲಸ?

“ಬಾಡಿಗೆ ಅನ್ನೋದು ಮಾಲೀಕರಿಗೂ ಬಾಡಿಗೆದಾರರಿಗೂ ಬಿಟ್ಟಿದ್ದು, ಅದರಲ್ಲಿ ಪಂಚಾಯಿತಿಯವರದ್ದೇನು?” ಅಂತ ಕೆಲವರು ಕೇಳುತ್ತಾರೆ. ಬಾಡಿಗೆ ಎಷ್ಟು, ಮುಂಗಡ ಎಷ್ಟು ಅನ್ನೋದು ಕರಾರಿನ ಮಾತು, ನಿಜ. ಆದರೆ ಕಟ್ಟಡ ಎಲ್ಲಿ ಏಳಬೇಕು, ಎಷ್ಟು ಅಂತಸ್ತು ಇರಬೇಕು, ಮನೆ ಅಂತ ಕಟ್ಟಿದ್ದನ್ನು ಮೂವತ್ತು ಜನರ ವಸತಿಗೃಹ ಮಾಡಬಹುದೇ ಅನ್ನೋದು ಕರಾರಿನ ಮಾತಲ್ಲ, ಊರಿನ ಮಾತು.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಸೇರಬಹುದಾದ 18 ವಿಷಯಗಳ ಪಟ್ಟಿ ಕೊಟ್ಟಿದೆ. ಆ ಪಟ್ಟಿಯಲ್ಲಿ ಮೊದಲನೆಯದು ನಗರ ಯೋಜನೆ, ಎರಡನೆಯದು ಭೂಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ನಮ್ಮ ರಾಜ್ಯದಲ್ಲಿ ಇದಕ್ಕೆ ಎರಡು ಕಾನೂನು ಮುಖ್ಯ.

ಒಂದು, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಇದರಂತೆ ಯೋಜನಾ ಪ್ರಾಧಿಕಾರ ಊರಿಗೆ ಮಾಸ್ಟರ್ ಪ್ಲಾನ್ ಮಾಡುತ್ತದೆ. ನಕ್ಷೆಯಲ್ಲಿ ವಾಸದ ಜಾಗಕ್ಕೆ ಹಳದಿ, ವ್ಯಾಪಾರದ ಜಾಗಕ್ಕೆ ನೀಲಿ, ಉದ್ಯಾನಕ್ಕೆ ಹಸಿರು ಬಣ್ಣ ಹಚ್ಚಿರುತ್ತಾರೆ. ಒಂದು ಬಳಕೆಯಿಂದ ಇನ್ನೊಂದಕ್ಕೆ ಬದಲಾಯಿಸಲು ಪ್ರಾಧಿಕಾರದ ಲಿಖಿತ ಅನುಮತಿ ಬೇಕು. ದಾವಣಗೆರೆ ಮತ್ತು ಹರಿಹರಕ್ಕೆ ಈ ಕೆಲಸ ನೋಡುವುದು ನಗರಾಭಿವೃದ್ಧಿ ಪ್ರಾಧಿಕಾರ, ನಾವೆಲ್ಲ ‘ದೂಡಾ’ ಅಂತೀವಲ್ಲ, ಅದೇ.

ಇನ್ನೊಂದು, ಕರ್ನಾಟಕ ಪೌರಸಭೆಗಳ ಕಾಯ್ದೆ, 1964. ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳು ಕಟ್ಟಡ ಕಟ್ಟಲು ಪರವಾನಗಿ ಕೊಡುವುದು, ನೀರು-ಚರಂಡಿ ನೋಡುವುದು, ಉದ್ದಿಮೆ ಪರವಾನಗಿ ಅಂದರೆ ಟ್ರೇಡ್ ಲೈಸೆನ್ಸ್ ಕೊಡುವುದು, ಊರಿಗೆ ಬೇಕಾದ ಬೈಲಾ ಮಾಡಿ ಸರ್ಕಾರದ ಒಪ್ಪಿಗೆ ಪಡೆಯುವುದು ಇದರಂತೆಯೇ. ಹಳ್ಳಿಗಳಲ್ಲಿ ಕಟ್ಟಡಕ್ಕೆ ಅನುಮತಿ ಕೊಡುವುದು ಗ್ರಾಮ ಪಂಚಾಯಿತಿ.

ಅಂದರೆ ಅಧಿಕಾರ ಇದೆ. ಅದನ್ನು ಹಂಚಿಕೊಂಡು ವಾಸಿಸುವ ಕೋಣೆಗಳಿಗೆ ಹೇಗೆ ಬಳಸಬೇಕು ಅನ್ನೋದೇ ಪ್ರಶ್ನೆ.

ಬೆಂಗಳೂರಿನಲ್ಲಿ ಏನು ಮಾಡಿದರು?

ಬೆಂಗಳೂರಿನಲ್ಲಿ ಪಿ.ಜಿ.ಗಳು ಸಾವಿರಗಟ್ಟಲೆ. 2024ರ ಜುಲೈನಲ್ಲಿ ಕೋರಮಂಗಲದ ಒಂದು ಪಿ.ಜಿ.ಯೊಳಗೆ ನುಗ್ಗಿದವನೊಬ್ಬ ಅಲ್ಲಿದ್ದ ಯುವತಿಯನ್ನು ಕೊಂದ. ಮರು ತಿಂಗಳು, ಆಗಸ್ಟ್‌ನಲ್ಲಿ, ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಪಿ.ಜಿ.ಗಳಿಗೆ ಮಾರ್ಗಸೂಚಿ ಹೊರಡಿಸಿತು. ತಲಾ ಕನಿಷ್ಠ 70 ಚದರ ಅಡಿ ಜಾಗ ಇರಬೇಕು. ದಿನಕ್ಕೆ ತಲಾ 135 ಲೀಟರ್ ನೀರು ಕೊಡಬೇಕು. ಶುಚಿಯಾದ ಸ್ನಾನದ ಮನೆ ಮತ್ತು ಶೌಚಾಲಯ, ಬಾಗಿಲು-ಓಣಿಗಳಲ್ಲಿ ಕ್ಯಾಮೆರಾ, ದಿನದ 24 ಗಂಟೆ ಕಾವಲು, ಬೆಂಕಿ ಸುರಕ್ಷತೆ, ಅಡುಗೆ ಮಾಡಿದರೆ ಆಹಾರ ಸುರಕ್ಷತೆಯ ಲೈಸೆನ್ಸ್ ಇರಬೇಕು. ಇಷ್ಟಿದ್ದರೆ ಮಾತ್ರ ಉದ್ದಿಮೆ ಪರವಾನಗಿ.

2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದವು. ಅಲ್ಲಿನ ಮಾರ್ಗಸೂಚಿ ನಮ್ಮ ಊರುಗಳಿಗೆ ತಾನಾಗಿ ಅನ್ವಯಿಸುವುದಿಲ್ಲ. ಆದರೆ ನಮ್ಮ ಪಂಚಾಯಿತಿಯ ಮುಂದೆ “ಬೆಂಗಳೂರಿನಲ್ಲಿ ಹೀಗೆ ಮಾಡಿದ್ದಾರೆ, ನಮ್ಮಲ್ಲಿ ಯಾಕಾಗಲ್ಲ?” ಅಂತ ಕೇಳಲು ಒಂದು ಆಧಾರವಾಗುತ್ತದೆ.

ಈ ಅಂಕಿಗಳನ್ನು ನಮ್ಮ ಲೆಕ್ಕದ ಪುಸ್ತಕಕ್ಕೆ ತರೋಣ. ಹತ್ತು ಅಡಿಗೆ ಹದಿನಾಲ್ಕು ಅಡಿ ಕೋಣೆ ಅಂದರೆ 140 ಚದರ ಅಡಿ. ಮೇಲಿನ ಲೆಕ್ಕದಲ್ಲಿ ಅದರಲ್ಲಿ ಇಬ್ಬರು ಇರಬಹುದು. ಅದೇ ಕೋಣೆಗೆ ಎರಡು ಅಂತಸ್ತಿನ ಮಂಚ ಹಾಕಿ ನಾಲ್ವರನ್ನು ಇಟ್ಟರೆ ತಲಾ 35 ಚದರ ಅಡಿ. ನೀರಿನ ಲೆಕ್ಕ: ಇಪ್ಪತ್ತು ಹುಡುಗಿಯರಿಗೆ ದಿನಕ್ಕೆ 2,700 ಲೀಟರ್. ಮೇಲೆ ಇರುವುದು ಸಾವಿರ ಲೀಟರಿನ ಒಂದೇ ಟ್ಯಾಂಕ್ ಆದರೆ ದಿನಕ್ಕೆ ಸುಮಾರು ಮೂರು ಸಲ ತುಂಬಬೇಕು. ಜಗಳೂರಿನಂಥ ಬರದ ಸೀಮೆಯಲ್ಲಿ ಅಷ್ಟು ನೀರು ಒಂದೇ ಕಟ್ಟಡಕ್ಕೆ ಹೋದರೆ ಪಕ್ಕದ ಮನೆಯವರಿಗೆ ಏನು ಉಳಿಯುತ್ತದೆ? ಅದಕ್ಕೇ ಇದನ್ನು ಊರಿನ ಮಾತು ಅಂದದ್ದು.

ಇಂಗ್ಲೆಂಡಿನ ಅನುಭವ

ಇದೇ ತೊಂದರೆ ಇಂಗ್ಲೆಂಡಿನ ಕಾಲೇಜು ಊರುಗಳಲ್ಲೂ ಇದೆ. ಒಂದೇ ಕುಟುಂಬಕ್ಕೆ ಸೇರದ ಐದು ಅಥವಾ ಹೆಚ್ಚು ಜನ ಅಡುಗೆಮನೆ, ಶೌಚಾಲಯ ಹಂಚಿಕೊಂಡು ಬಾಡಿಗೆಗೆ ಇದ್ದರೆ ಆ ಮನೆಗೆ ಅಲ್ಲಿ ಲೈಸೆನ್ಸ್ ಕಡ್ಡಾಯ. 2018ರ ಅಕ್ಟೋಬರ್‌ನಿಂದ, ಮನೆ ಎಷ್ಟೇ ಅಂತಸ್ತಿನದಾಗಿರಲಿ, ಇದು ಅನ್ವಯಿಸುತ್ತದೆ. ಲೈಸೆನ್ಸ್ ಪಡೆದ ಮನೆಯಲ್ಲಿ ಒಬ್ಬರು ಮಲಗುವ ಕೋಣೆ ಕನಿಷ್ಠ 6.51 ಚದರ ಮೀಟರ್ ಇರಬೇಕು. ನಮ್ಮ ಅಳತೆಯಲ್ಲಿ ಸರಿಸುಮಾರು 70 ಚದರ ಅಡಿ, ಬೆಂಗಳೂರಿನ ಅಂಕಿಯೇ! ಇಬ್ಬರಿಗೆ 10.22 ಚದರ ಮೀಟರ್, ಅಂದರೆ ಸುಮಾರು 110 ಚದರ ಅಡಿ ಸಾಕು.

ಅಲ್ಲಿ ಇನ್ನೊಂದು ದಾರಿಯೂ ಇದೆ. ಸಂಸಾರದ ಮನೆಯನ್ನು ಮೂರರಿಂದ ಆರು ಜನ ಹಂಚಿಕೊಳ್ಳುವ ಬಾಡಿಗೆ ಮನೆಯಾಗಿ ಬದಲಾಯಿಸಲು ಸಾಮಾನ್ಯವಾಗಿ ಯೋಜನಾ ಅನುಮತಿ ಬೇಡ. ಆದರೆ ಸ್ಥಳೀಯ ಕೌನ್ಸಿಲ್ ವಿಶೇಷ ಆದೇಶ ಮಾಡಿದ ಬಡಾವಣೆಯಲ್ಲಿ ಅನುಮತಿ ಬೇಕೇ ಬೇಕು. ಪೋರ್ಟ್ಸ್‌ಮತ್ ಎಂಬ ನಗರದಲ್ಲಿ 50 ಮೀಟರ್ ಸುತ್ತಳತೆಯೊಳಗಿನ ಮನೆಗಳಲ್ಲಿ ಇಂಥವು ನೂರಕ್ಕೆ ಹತ್ತನ್ನು ಮೀರಬಾರದು ಎಂಬ ನೀತಿ ಮಾಡಿದರು. ಒಂದೇ ಬೀದಿ ತುಂಬ ಬಾಡಿಗೆ ಕೋಣೆಗಳಾಗಿ, ಸಂಸಾರಸ್ಥರಿಗೆ ಮನೆಯೇ ಸಿಗದ ಹಾಗೆ ಆಗಬಾರದು ಅನ್ನೋದು ಅದರ ಉದ್ದೇಶ.

ಇಲ್ಲಿ ನಾವು ಎಚ್ಚರವಾಗಿರಬೇಕು. ಲೈಸೆನ್ಸ್ ಅನ್ನೋದು “ಕೋಣೆ ಚೆನ್ನಾಗಿರಲಿ” ಅನ್ನುತ್ತದೆ. ಮಿತಿ ಅನ್ನೋದು “ಕೋಣೆ ಹೆಚ್ಚಾಗದಿರಲಿ” ಅನ್ನುತ್ತದೆ. ಎರಡೂ ಒಂದೇ ಅಲ್ಲ. ಕೋಣೆ ಕಡಿಮೆ ಮಾಡಿದ ಮಾತ್ರಕ್ಕೆ ಓದಲು ಬರುವ ಹುಡುಗಿಯರು ಕಡಿಮೆಯಾಗುವುದಿಲ್ಲ. ಬಾಡಿಗೆ ಏರುತ್ತದೆ, ಇಲ್ಲವೇ ಅವರು ಇನ್ನೂ ಕೆಟ್ಟ ಜಾಗಕ್ಕೆ ಹೋಗುತ್ತಾರೆ. ನಾಲ್ವರು ಇದ್ದ ಕೋಣೆಯ ಬಾಡಿಗೆ 6,000 ರೂಪಾಯಿ ಅಂತ ಇಟ್ಟುಕೊಳ್ಳಿ, ತಲಾ 1,500. ನಿಯಮದಂತೆ ಇಬ್ಬರೇ ಇರಬೇಕು ಅಂದ ಕೂಡಲೇ ತಲಾ 3,000. ಆ ಹೆಚ್ಚಿನ 1,500 ಎಲ್ಲಿಂದ ಬರಬೇಕು? ಮಗಳನ್ನು ಕಾಲೇಜು ಬಿಡಿಸುವ ಮನೆಗಳೂ ಇದ್ದಾವೆ. ಆದ್ದರಿಂದ ಬಿಗಿ ನಿಯಮ ಕೇಳುವವರು ಜೊತೆಗೇ ಹೆಚ್ಚು ಹಾಸ್ಟೆಲ್, ಹೆಚ್ಚು ಕೋಣೆಗಳನ್ನೂ ಕೇಳಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಆವಾಸ್ ಯೋಜನೆ (ನಗರ) 2.0ರಲ್ಲಿ ಕೈಗೆಟಕುವ ಬಾಡಿಗೆ ಮನೆಗಳಿಗಾಗಿಯೇ ಒಂದು ವಿಭಾಗವಿದೆ. ನಮ್ಮ ಊರಿನಿಂದ ಅದಕ್ಕೆ ಪ್ರಸ್ತಾವನೆ ಹೋಗಿದೆಯೇ ಅಂತ ವಿಚಾರಿಸಬಹುದು.

ಇನ್ನೂ ಒಂದು ಮಾತು. ನಿಯಮ ಅಂದ ಕೂಡಲೇ ನಮ್ಮಲ್ಲಿ ಹುಡುಗಿಯರ ಮೇಲೆ ನಿಯಮ ಶುರುವಾಗುತ್ತದೆ. ಎಷ್ಟು ಗಂಟೆಗೆ ಬರಬೇಕು, ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಾಳೆ, ಯಾವ ಜಾತಿ, ಏನು ತಿನ್ನುತ್ತಾಳೆ ಅಂತ. ಪಂಚಾಯಿತಿ ಕೇಳಬೇಕಾದ್ದು ಇದಲ್ಲ. ಕಿಟಕಿ ಇದೆಯೇ? ಒಳಗಿನ ಚಿಲಕ ಗಟ್ಟಿಯಾಗಿದೆಯೇ? ಎರಡನೇ ಬಾಗಿಲು ಇದೆಯೇ? ವೈರಿಂಗ್ ಸರಿ ಇದೆಯೇ? ನಿಯಮ ಕಟ್ಟಡದ ಮೇಲೆ ಇರಬೇಕು, ಹೆಣ್ಣುಮಗಳ ಮೇಲಲ್ಲ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಇವತ್ತಿನ ಉಪನ್ಯಾಸ ಸಾರ್ಥಕ.

ಕೋಣೆ ಬಾಡಿಗೆಗೆ ಕೊಡುವ ಸದಸ್ಯೆಯರಿಗೆ

ನಿಯಮ ಅಂದರೆ ಹೆದರಬೇಡಿ. ದೊಡ್ಡ ಪಿ.ಜಿ.ಗೂ, ಮನೆಯ ಹಿಂದಿನ ಎರಡು ಕೋಣೆಗೂ ಒಂದೇ ಅಳತೆಗೋಲು ಆಗಬಾರದು ಅಂತ ಕೇಳುವ ಹಕ್ಕು ನಿಮಗಿದೆ. ಕ್ಯಾಮೆರಾ, ಕಾವಲುಗಾರ ನಿಮ್ಮಿಂದ ಆಗದಿರಬಹುದು. ಗಾಳಿ, ಬೆಳಕು, ನೀರು, ಶೌಚಾಲಯ, ಗಟ್ಟಿ ಬಾಗಿಲು ಮಾತ್ರ ಬಡವರ ಕೋಣೆಗೂ ಬೇಕು. ಬಾಡಿಗೆ ಕರಾರು ಬರೆದುಕೊಳ್ಳಿ, ಹಣ ಪಡೆದದ್ದಕ್ಕೆ ರಶೀದಿ ಕೊಡಿ. ಕೋಣೆ ಸೇರಿಸಿ ಕಟ್ಟುವ ಮುಂಚೆ ಪರವಾನಗಿ ಪಡೆಯಿರಿ. ಜಿ.ಎಸ್.ಟಿ. ಬಗ್ಗೆ ಕೆಲವರಿಗೆ ಗಾಬರಿ ಇದೆ. ತಿಂಗಳಿಗೆ ತಲಾ 20,000 ರೂಪಾಯಿ ಮೀರದ, ಕನಿಷ್ಠ 90 ದಿನ ಸತತವಾಗಿ ಉಳಿಯುವವರ ವಸತಿಗೆ 2024ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿದೆ.

ಸಂಘಗಳು ಏನು ಮಾಡಬಹುದು?

1. ಮಗಳನ್ನು ಕೋಣೆಗೆ ಸೇರಿಸುವ ಮುಂಚೆ ತಾಯಿಯೇ ಒಮ್ಮೆ ಹೋಗಿ ನೋಡಲಿ. ಒಂಟಿಯಾಗಿ ಬೇಡ, ಸಂಘದಿಂದ ಇನ್ನೊಬ್ಬರು ಜೊತೆಗೆ ಹೋಗಲಿ. ಕೋಣೆಯ ಅಳತೆ, ಜನರ ಸಂಖ್ಯೆ, ಶೌಚಾಲಯ, ನೀರು, ಹೊರಗೆ ಬರುವ ದಾರಿ ಬರೆದುಕೊಳ್ಳಲಿ.

2. ಒಂದೇ ಕಾಲೇಜಿಗೆ ಹೋಗುವ ಮಕ್ಕಳ ತಾಯಂದಿರು ಈ ಮಾಹಿತಿಯನ್ನು ಹಂಚಿಕೊಳ್ಳಲಿ.

3. “ನಮ್ಮ ಊರಿನಲ್ಲಿ ಎಷ್ಟು ಪಿ.ಜಿ.ಗಳಿಗೆ ಪರವಾನಗಿ ಇದೆ? ಕಳೆದ ವರ್ಷ ಎಷ್ಟನ್ನು ತಪಾಸಣೆ ಮಾಡಿದ್ದೀರಿ?” ಅಂತ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ, ಬಿ.ಪಿ.ಎಲ್. ಕುಟುಂಬದವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು.

4. ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದಾಗ ಜನರ ಅಭಿಪ್ರಾಯಕ್ಕೆ 60 ದಿನ ಇರುತ್ತದೆ. ಕಾಲೇಜು, ಆಸ್ಪತ್ರೆ ಹತ್ತಿರ ಹಾಸ್ಟೆಲಿಗೆ ಜಾಗ ಗುರುತಿಸಿ ಅಂತ ಒಕ್ಕೂಟದಿಂದ ಬರೆದು ಕೊಡಿ.

5. ಹಳ್ಳಿಯವರು ಗ್ರಾಮಸಭೆಯಲ್ಲಿ, ಪಟ್ಟಣದವರು ಮುಖ್ಯಾಧಿಕಾರಿಗಳ ಬಳಿ ಈ ವಿಷಯ ಎತ್ತಲಿ. ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

6. ಮಗಳ ಫೋನಿನಲ್ಲಿ ಪೊಲೀಸ್ ತುರ್ತು ಸಂಖ್ಯೆ 112, ಮಹಿಳಾ ಸಹಾಯವಾಣಿ 181 ಇರಲಿ.

ಮುಂದಿನ ಸಭೆಯಲ್ಲಿ ಚರ್ಚಿಸಲು

ನಮ್ಮ ಸಂಘದ ಎಷ್ಟು ಸದಸ್ಯೆಯರ ಮಕ್ಕಳು ಹೊರಗೆ ಕೋಣೆ ಮಾಡಿಕೊಂಡಿದ್ದಾರೆ? ತಲಾ ಎಷ್ಟು ಜಾಗ, ಎಷ್ಟು ಬಾಡಿಗೆ? ನಮ್ಮ ವಠಾರಗಳಲ್ಲಿ ಒಂದು ಶೌಚಾಲಯಕ್ಕೆ ಎಷ್ಟು ಜನ? ಮೊದಲು ಯಾವುದನ್ನು ಸರಿಪಡಿಸಲು ಕೇಳೋಣ?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ನಾಲ್ಕೂ ತಾಲ್ಲೂಕುಗಳ ಅಂಕಿ ಒಂದು ಹಾಳೆಗೆ ಬಂದರೆ, ಆ ಹಾಳೆ ಹಿಡಿದು ಕೇಳುವ ನಮ್ಮ ಮಾತಿಗೆ ತೂಕ ಬರುತ್ತದೆ.