ಮಾತು ಹೋದರೂ ಮತಿ ಇದೆ



ಲಕ್ವ ಹೊಡೆದವರನ್ನು ನೋಡಲು ಅವರ ಮನೆಗೆ ಹೋದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ನೆನಪಿಸಿಕೊಳ್ಳಿ. ಮಂಚದ ಮೇಲೆ ಕೂತವರನ್ನು ಬಿಟ್ಟು, ಪಕ್ಕದಲ್ಲಿ ನಿಂತ ಹೆಂಡತಿಯನ್ನೋ ಮಗನನ್ನೋ "ಈಗ ಹೇಗಿದ್ದಾರೆ? ಗುರುತು ಸಿಗುತ್ತದಾ?" ಎಂದು ವಿಚಾರಿಸುತ್ತೇವೆ. ವಿಚಾರಿಸುವುದು ಅವರ ಎದುರಿಗೇ. ಅವರಿಗೆ ಕೇಳಿಸುತ್ತಿರುತ್ತದೆ, ಬಹಳ ಸಲ ಅರ್ಥವೂ ಆಗುತ್ತಿರುತ್ತದೆ. ಉತ್ತರ ಕೊಡಲು ಮಾತ್ರ ಆಗುವುದಿಲ್ಲ.

ವೈದ್ಯರು ಇದನ್ನು ಅಫೇಸಿಯಾ ಎನ್ನುತ್ತಾರೆ. ಇದು ನಾಲಿಗೆಯ ದೋಷವಲ್ಲ, ಗಂಟಲಿನದೂ ಅಲ್ಲ. ಮಿದುಳಿನಲ್ಲಿ ಭಾಷೆಯನ್ನು ನಡೆಸುವ ಭಾಗಗಳಿಗೆ ಬಿದ್ದ ಏಟು. ಬಹುಪಾಲು ಜನರಲ್ಲಿ ಆ ಭಾಗಗಳು ಮಿದುಳಿನ ಎಡಗಡೆ ಇವೆ. ಎಡ ಮಿದುಳು ದೇಹದ ಬಲಭಾಗವನ್ನು ಆಳುವುದರಿಂದ, ಬಲಗೈ ಬಲಗಾಲು ಬಿದ್ದವರಲ್ಲಿ ಮಾತೂ ಜೊತೆಗೇ ಹೋಗುವುದು ಹೆಚ್ಚು. ಪಾರ್ಶ್ವವಾಯು ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವರಿಗೆ, ಮಿದುಳಿನಲ್ಲಿ ಗಡ್ಡೆ ಬೆಳೆದವರಿಗೆ, ಮಿದುಳು ಜ್ವರ ಬಂದವರಿಗೆ ಕೂಡ ಆಗಬಹುದು.

1861ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ವಾರ್ಡಿಗೆ, ಬಲಗಾಲು ಕೊಳೆತ ರೋಗಿಯೊಬ್ಬನನ್ನು ತಂದರು. ಹೆಸರು ಲೆಬೋರ್ನ್, ವಯಸ್ಸು 51. ಆಸ್ಪತ್ರೆಯವರೆಲ್ಲ ಕರೆಯುತ್ತಿದ್ದದ್ದು "ತಾನ್" ಎಂದು, ಏಕೆಂದರೆ ಏನು ಕೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು "ತಾನ್, ತಾನ್" ಮಾತ್ರ. ಶಸ್ತ್ರವೈದ್ಯ ಪಾಲ್ ಬ್ರೋಕಾ ಅವನನ್ನು ಪರೀಕ್ಷಿಸಿದ. ಈ ಆಸ್ಪತ್ರೆಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿದ. ಲೆಬೋರ್ನ್ ಅಂಗೈ ಬಿಡಿಸಿ ಐದೂ ಬೆರಳು ತೋರಿಸಿದ, ಒಂದಲ್ಲ, ನಾಲ್ಕು ಸಲ. ಆಮೇಲೆ ಒಂದೇ ಬೆರಳು ಎತ್ತಿದ. ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು. ಮರುದಿನ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲ ಕೇಳಿದಾಗ, ಡಾಕ್ಟರು ತನ್ನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದಾರೆ ಎಂದು ಅವನಿಗೆ ಗೊತ್ತಾಗಿ ಸಿಟ್ಟು ಬಂತು, ಬೈಗುಳವೊಂದು ಸ್ಪಷ್ಟವಾಗಿ ಹೊರಬಿತ್ತು! ವರ್ಷಗಳನ್ನು ಎಣಿಸಿಟ್ಟುಕೊಂಡವನು, ಎದುರಿದ್ದವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಿದವನು, ಬುದ್ಧಿ ಹೋದವನೇ?

ಕೆಲವೇ ದಿನಗಳಲ್ಲಿ, ಏಪ್ರಿಲ್ 17ರಂದು, ಅವನು ತೀರಿಕೊಂಡ. ಮಿದುಳಿನ ಎಡ ಮುಂಭಾಗದ ಕೆಳ ಮಡಿಕೆಯಲ್ಲಿ ಹಾನಿಯಾಗಿದ್ದನ್ನು ಬ್ರೋಕಾ ಕಂಡ. ಇಂದಿಗೂ ಆ ಜಾಗಕ್ಕೆ ಅವನದೇ ಹೆಸರು. ಪುಣ್ಯಕ್ಕೆ ಆತ ಆ ಮಿದುಳನ್ನು ಕೊಯ್ಯದೆ ಇಡಿಯಾಗಿ ಕಾದಿಟ್ಟ. 2007ರಲ್ಲಿ ಪ್ರಕಟವಾದ ಎಂಆರ್‌ಐ ಅಧ್ಯಯನ, ಹಾನಿ ಬ್ರೋಕಾ ಕಂಡದ್ದಕ್ಕಿಂತ ಬಹಳ ಆಳಕ್ಕೆ ಇಳಿದಿತ್ತೆಂದು ತೋರಿಸಿತು. ಭಾಷೆ ಮಿದುಳಿನ ಒಂದೇ ಮೂಲೆಯಲ್ಲಿ ಕೂತಿಲ್ಲ.

ಬ್ರೋಕಾ ಬಗೆಯ ಅಫೇಸಿಯಾ ಇದ್ದವರನ್ನು "ಏನಾಯ್ತು?" ಎಂದು ಕೇಳಿದರೆ, "ಬೆಳಗ್ಗೆ... ಬಚ್ಚಲು... ಬಿದ್ದು... ಮಗ... ಆಸ್ಪತ್ರೆ..." ಎಂದು ಒಂದೊಂದೇ ಪದ ಕಷ್ಟಪಟ್ಟು ಬರುತ್ತದೆ. ವಿಭಕ್ತಿ ಇಲ್ಲ, ಕ್ರಿಯಾಪದ ಮುಗಿಯುವುದಿಲ್ಲ, ಆದರೆ ಕೇಳಿದವರಿಗೆ ಸಂಗತಿ ತಿಳಿಯುತ್ತದೆ. 1874ರಲ್ಲಿ, 26ರ ಹರೆಯದಲ್ಲೇ, ಜರ್ಮನಿಯ ಕಾರ್ಲ್ ವೆರ್ನಿಕೆ ವಿವರಿಸಿದ್ದು ಇನ್ನೊಂದು ಬಗೆ. ಇಲ್ಲಿ ಹಾನಿ ಕಿವಿಯ ಮೇಲ್ಭಾಗದ ಹಿಂದಿನ ಮಗ್ಗುಲಲ್ಲಿ. ಮಾತು ಸರಾಗ: "ಅದನ್ನ ಅಲ್ಲಿ ತಗದು ಬಂದ್ರಲ್ಲ, ಆ ಪಟ್ಲಿ ಇದೆಯಲ್ಲ, ಅವರೇ ಹಾಕಿ ಮುಗಿಸಿದ್ರು." ರಾಗ, ಏರಿಳಿತ ಎಲ್ಲ ಕನ್ನಡದ್ದೇ, ಅರ್ಥ ಮಾತ್ರ ಇಲ್ಲ. ಬೇರೆಯವರ ಮಾತೂ ಇವರಿಗೆ ಸರಿಯಾಗಿ ತಿಳಿಯುವುದಿಲ್ಲ. ಕೈಕಾಲು ಸಾಮಾನ್ಯವಾಗಿ ಚೆನ್ನಾಗಿಯೇ ಇರುವುದರಿಂದ ಲಕ್ವದ ಅನುಮಾನ ಯಾರಿಗೂ ಬರುವುದಿಲ್ಲ. ತಲೆ ಕೆಟ್ಟಿದೆ, ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಲು ಹೊರಡುತ್ತಾರೆ. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ಅನ್ಯಾಯಕ್ಕೆ ಒಳಗಾಗುವವರು ಇವರೇ.

ಮನೆಯವರ ಇನ್ನೊಂದು ದೂರು: "ಬೈಗುಳ ಬರುತ್ತೆ, ದೇವರ ನಾಮ ಹಾಡ್ತಾರೆ, ನನ್ನ ಹೆಸರು ಮಾತ್ರ ಬರಲ್ಲ. ಎಲ್ಲ ನಾಟಕ." ನಾಟಕವಲ್ಲ. ಒಂದು ಎರಡು ಎಂದು ಎಣಿಸುವುದು, ವಾರಗಳ ಹೆಸರು, ಬಾಯಿಪಾಠವಾದ ಪದ, ಸಿಟ್ಟಿನ ಮಾತು, ಇವು ಹೊಸದಾಗಿ ವಾಕ್ಯ ಕಟ್ಟುವಂಥ ಕೆಲಸಗಳಲ್ಲ. ಹತ್ತೊಂಬತ್ತನೇ ಶತಮಾನದಲ್ಲೇ ಲಂಡನ್ನಿನ ಹ್ಯೂಲಿಂಗ್ಸ್ ಜಾಕ್ಸನ್ ಈ ವ್ಯತ್ಯಾಸವನ್ನು ಗುರುತಿಸಿದ್ದ. 1973ರಲ್ಲಿ ಬಾಸ್ಟನ್ನಿನ ತಜ್ಞರು, ಬೇಕಾದ ಮಾತನ್ನೇ ರಾಗವಾಗಿ ಹೇಳಿಸುತ್ತಾ, ಎಡಗೈಯಿಂದ ತಾಳ ಹಾಕಿಸುತ್ತಾ ನಡೆಸುವ ಚಿಕಿತ್ಸೆಯೊಂದನ್ನು ಮುಂದಿಟ್ಟರು. ಕೆಲವರಿಗೆ ಅದು ಹಿಡಿಸುತ್ತದೆ, ಎಲ್ಲರಿಗೂ ಅಲ್ಲ.

ನಮ್ಮಲ್ಲಿ ಮನೆಯಲ್ಲಿ ತುಳು ಅಥವಾ ಉರ್ದು, ಪೇಟೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರು ಎಷ್ಟು ಜನ! ಏಟು ಬಿದ್ದಾಗ ಯಾವ ಭಾಷೆ ಮೊದಲು ಮರಳುತ್ತದೆ? ಮೊದಲು ಕಲಿತದ್ದು ಎಂದು ಒಬ್ಬರು, ಹೆಚ್ಚು ಬಳಸಿದ್ದು ಎಂದು ಇನ್ನೊಬ್ಬರು ನಿಯಮ ಮಾಡಿದರು. ಯಾವ ನಿಯಮವೂ ಎಲ್ಲರ ವಿಷಯದಲ್ಲೂ ನಿಂತಿಲ್ಲ. ಹೆಚ್ಚಿನವರಲ್ಲಿ ಎಲ್ಲ ಭಾಷೆಗಳೂ ಜೊತೆಜೊತೆಗೇ ಚೇತರಿಸಿಕೊಳ್ಳುತ್ತವೆ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 608 ಪಾರ್ಶ್ವವಾಯು ರೋಗಿಗಳನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ ವರದಿಯಂತೆ, ಏಟಿನ ನಂತರವೂ ಗ್ರಹಣಶಕ್ತಿ ಕುಂದದೆ ಉಳಿದವರ ಪ್ರಮಾಣ ಹಲವು ಭಾಷೆ ಬಲ್ಲವರಲ್ಲಿ ಏಕಭಾಷಿಕರ ಸುಮಾರು ಎರಡರಷ್ಟಿತ್ತು. ಅಫೇಸಿಯಾದ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಕನ್ನಡದಲ್ಲಿ ಈ ಕೆಲಸ ಇಂದು ನಿನ್ನೆಯದಲ್ಲ. ಪ್ರತಿಭಾ ಕಾರಂತರು 1981ರಲ್ಲೇ, ಕನ್ನಡ-ಇಂಗ್ಲಿಷ್ ಎರಡೂ ಬಲ್ಲ ರೋಗಿಯೊಬ್ಬರಿಗೆ ಓದುವ ಶಕ್ತಿ ಮಾತ್ರ ಹೋದ ಪ್ರಕರಣವನ್ನು ದಾಖಲಿಸಿದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಪರೀಕ್ಷೆ, ಕನ್ನಡದಲ್ಲೇ ಚಿಕಿತ್ಸೆ ದೊರೆಯುತ್ತದೆ. ಮೊದಲ ಕೆಲವು ತಿಂಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗಿ ವರ್ಷಗಟ್ಟಲೆ ಮುಂದುವರಿಯಬಲ್ಲದು. "ಆರು ತಿಂಗಳಾಯ್ತು, ಇನ್ನು ಬಿಡಿ" ಎನ್ನುವ ಸಲಹೆಗೆ ಕಿವಿಗೊಡಬೇಡಿ.

ಮನೆಯಲ್ಲಿ ಮಾಡಬೇಕಾದದ್ದು ಸರಳ. ಟಿವಿ ಆರಿಸಿ, ಎದುರಿಗೆ ಕೂತು, ಚಿಕ್ಕ ವಾಕ್ಯದಲ್ಲಿ ಒಂದೇ ಪ್ರಶ್ನೆ ಕೇಳಿ, ಕಾಯಿರಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ. "ಹೂಂ" ಮತ್ತು "ಊಹೂಂ" ಅದಲುಬದಲಾಗುವುದು ಸಾಮಾನ್ಯ, ಅದರ ಮೇಲೆ ನಾವು ತಲೆಯಾಡಿಸುವ ಪರಿ ಬೇರೆ, ಒಪ್ಪಿಗೆಯೋ ನಿರಾಕರಣೆಯೋ ಬ್ರಹ್ಮನಿಗೂ ತಿಳಿಯದು. ಹಾಗಾಗಿ "ಇಡ್ಲಿ ಬೇಕಾ?" ಎಂದು ಕೇಳುವ ಬದಲು ಇಡ್ಲಿಯನ್ನೂ ದೋಸೆಯನ್ನೂ ಮುಂದಿಟ್ಟು ತೋರಿಸಲು ಹೇಳಿ.

ಕೊನೆಯದಾಗಿ ಒಂದು ವಿನಂತಿ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ ಅನುಸೂಚಿಯಲ್ಲಿ, ವಾಕ್ ಮತ್ತು ಭಾಷಾ ವೈಕಲ್ಯದ ವಿವರಣೆಯೊಳಗೆ, ಅಫೇಸಿಯಾದ ಹೆಸರು ನೇರವಾಗಿಯೇ ಇದೆ. ಶಾಶ್ವತ ತೊಂದರೆ ಉಳಿದವರು ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಎಲ್ಲರಂತೆ ಇವರಿಗೂ ಆಸ್ತಿ ಹೊಂದುವ, ಹಣಕಾಸು ನೋಡಿಕೊಳ್ಳುವ ಹಕ್ಕಿದೆ ಎಂದು ಅದೇ ಕಾಯ್ದೆ ಹೇಳುತ್ತದೆ. ನಿಮ್ಮ ಬಂಧುಗಳಲ್ಲಿ ಇಂಥವರಿದ್ದರೆ ಅರ್ಜಿ ಹಾಕಿಸಿ. ಬ್ಯಾಂಕಿಗೋ ನೋಂದಣಿ ಕಚೇರಿಗೋ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ, ಪ್ರಶ್ನೆಯನ್ನು ಅವರಿಗೇ ಕೇಳಿ ಎಂದು ಅಧಿಕಾರಿಗೆ ಹೇಳಿ.